ಹದಿನಾಲ್ಕು ಗಂಟೆಯ ಇಟ್ಟಿಗೆ ಆಟ

ವಿಮಾನದಲ್ಲಿ ಹದಿನಾಲ್ಕು ಗಂಟೆ ಕೂರಬೇಕಾದವಳು ನಾನು. ಆದರೆ ಆ ಹದಿನಾಲ್ಕು ಗಂಟೆ ನಾನೇನು ಮಾಡಬೇಕು ಅನ್ನುವುದನ್ನು ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದರು. ತಮ್ಮನ ಪ್ರಕಾರ ನಾನು ಟ್ಯಾಬ್ಲೆಟ್ ಹಿಡಿದುಕೊಂಡು ಸಿನಿಮಾ ನೋಡಬೇಕು. ನಾದಿನಿಯ ಪ್ರಕಾರ ಬಾಯಿ ಮುಚ್ಚಿಕೊಂಡು ನಿದ್ದೆ ಮಾಡಬೇಕು. ತಮ್ಮನ ಮಗಳು, ನನ್ನ ಸೊಸೆ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಒಂದು ಫೋಟೊ ಕಳಿಸಿದರೆ ಸಾಕು ಅಂದಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳಿದೆ, ನನ್ನ ಇಟ್ಟಿಗೆ ಆಟ ಇದೆ, ಅದೊಂದಿದ್ದರೆ ಸಾಕು ಅಂತ. ತಮ್ಮ ಮುಖ ಸಿಂಡರಿಸಿದ.

ಇಟ್ಟಿಗೆ ಆಟ ಅಂದರೆ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ. ಒಂದು ಪುಟ್ಟ ಬೂದು ಪರದೆ, ಐದು ಗುಂಡಿ, ಹಿಂದೆ ಮೂರು ಸೆಲ್ಲು. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ಉದ್ದದ್ದು, ಚೌಕದ್ದು, ಸೊಟ್ಟದ್ದು. ಸಂದು ಬಿಡದಂತೆ ತಿರುಗಿಸಿ ಕೂರಿಸಬೇಕು. ಸಾಲು ತುಂಬಿದರೆ ಸಾಲು ಮಾಯ, ಅಂಕ ಜಮಾ. ಬರಬರುತ್ತಾ ಬೀಳುವ ವೇಗ ಹೆಚ್ಚುತ್ತದೆ. ಪೇರಿದ್ದು ಮೇಲಕ್ಕೆ ಮುಟ್ಟಿದರೆ ಆಟ ಮುಗಿಯಿತು.

ಇದು ಮಕ್ಕಳಾಟ ಅನ್ನುವವರು ಪ್ಯಾಕಿಂಗ್ ಕೆಲಸ ಮಾಡಿದವರಲ್ಲ. ನಾನು ಮೂವತ್ತೊಂದು ವರ್ಷ ಗೋಡೆ ಗಡಿಯಾರದ ಕಾರ್ಖಾನೆಯಲ್ಲಿ ಪ್ಯಾಕರ್ ಆಗಿದ್ದೆ. ನಮ್ಮ ಕೋಣೆಯಲ್ಲಿ ನಲವತ್ತು ಹೆಂಗಸರು, ಎಂಟು ಉದ್ದ ಮೇಜು, ಒಂದು ಇಟ್ಟಿಗೆ ಆಟ. ಊಟದ ಬಿಡುವಿನಲ್ಲಿ ಸರದಿ ಪ್ರಕಾರ ಆಡುತ್ತಿದ್ದೆವು. ಸೆಲ್ಲು ತೆಗೆದರೆ ಒಳಗಿನ ಅಂಕವೆಲ್ಲ ಅಳಿಸಿಹೋಗುತ್ತದೆ. ಅದಕ್ಕೇ ಯಾರಾದರೂ ದಾಖಲೆ ಮುರಿದರೆ ಪೆಟ್ಟಿಗೆ ಮೇಲೆ ವಿಳಾಸ ಬರೆಯುವ ಮಾರ್ಕರ್‌ನಲ್ಲಿ ಆಟದ ಬೆನ್ನಿಗೆ ಅಂಕ ಬರೆದು, ಕಣ್ಣಾರೆ ನೋಡಿದವರೊಬ್ಬರು ಸಾಕ್ಷಿ ಸಹಿ ಹಾಕುವುದು ಪದ್ಧತಿ. ಸಾಕ್ಷಿಯಿಲ್ಲದ ಅಂಕ ಲೆಕ್ಕಕ್ಕಿಲ್ಲ. ಆ ಕಟ್ಟಳೆ ಮಾಡಿದ್ದು ನನ್ನ ಅಕ್ಕ. ಬೆನ್ನ ಮೇಲಿನ ಕೊನೆಯ ಅಂಕವೂ ಅವಳದೇ: ಎಂಬತ್ತೇಳು ಸಾವಿರದ ಆರುನೂರು.

ಅಕ್ಕ ನಮ್ಮ ಕೋಣೆಯ ಹೆಡ್ ಪ್ಯಾಕರ್. ನನಗೆ ಕೆಲಸ ಕಲಿಸಿದವಳೂ ಅವಳೇ. ಹನ್ನೆರಡು ವರ್ಷದ ಹಿಂದೆ ಅವಳಿಗೆ ದೂರ ದೇಶದ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಮ್ಯಾನೇಜರ್ ಎಲ್ಲರೆದುರು ಕೇಳಿದರು, ನಿಮ್ಮ ಜಾಗಕ್ಕೆ ಯಾರನ್ನು ಮಾಡೋಣ, ನಿಮ್ಮ ತಂಗಿಯನ್ನೇ ಮಾಡೋಣವೇ ಅಂತ. ಅಕ್ಕ ನನ್ನ ಕಡೆ ನೋಡಿದಳು. ನಾನು ಆಗಲೇ ನಗುವುದಕ್ಕೆ ಶುರುಮಾಡಿದ್ದೆ.

"ಅವಳ ಕೈ ಚುರುಕು ಸಾರ್. ಆದ್ರೆ ಕೊನೆ ಐದು ನಿಮಿಷದಲ್ಲಿ ಅವಳಿಗೆ ಕೈ ನಡುಗುತ್ತೆ. ಬೇರೆಯವರನ್ನ ನೋಡಿ."

ನಲವತ್ತು ಜನರೆದುರು ಅಂದಳು. ಕೆಲಸ ಮೂರನೇ ಮೇಜಿನವಳಿಗೆ ಹೋಯಿತು. ಸಾಲದ್ದಕ್ಕೆ ಅಕ್ಕ ಬಸ್ಸು ಹತ್ತುವಾಗ ಇಟ್ಟಿಗೆ ಆಟವನ್ನು ನನ್ನ ಕೈಗಿಟ್ಟು, "ಅಭ್ಯಾಸ ಮಾಡು ಗಡಿಬಿಡಿ" ಅಂದಳು. ಗಡಿಬಿಡಿ ಅನ್ನುವುದು ಕೋಣೆಯಲ್ಲಿ ನನಗಿದ್ದ ಅಡ್ಡಹೆಸರು. ಆ ದಿನದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ನನಗೆ ಎಷ್ಟು ಹೊಟ್ಟೆ ಉರಿಯಿತೆಂದರೆ ಹನ್ನೆರಡು ವರ್ಷ ಅಭ್ಯಾಸ ಮಾಡಿದೆ.

ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಮನೆಯವರೆಲ್ಲ ಹೊರಗೆ ಹೋಗಿದ್ದಾಗ ಮುರಿದೆ. ಎಂಬತ್ತೊಂಬತ್ತು ಸಾವಿರದ ಇನ್ನೂರು! ಹಾಲ್‌ನಲ್ಲಿ ಒಬ್ಬಳೇ ಕುಣಿದು ಕಾಲಿನ ಹೆಬ್ಬೆರಳನ್ನು ಮೇಜಿಗೆ ಬಡಿದುಕೊಂಡೆ. ಕುಂಟುತ್ತಲೇ ಹೋಗಿ ಅಕ್ಕನಿಗೆ ಫೋನ್ ಮಾಡಿದೆ.

"ಹೌದಾ? ಯಾರು ನೋಡಿದ್ರು?"

"ಯಾರೂ ಇರ್ಲಿಲ್ಲ ಅಕ್ಕ."

"ಹಾಗಾದ್ರೆ ಕನಸಲ್ಲಿ ಹೊಡೆದಿರ್ತೀಯ ಬಿಡು."

"ಪರದೆ ಮೇಲೆ ಇದೆ. ಫೋಟೊ ಕಳಿಸ್ತೀನಿ."

"ಫೋಟೊ ಯಾರಿಗೆ ಬೇಕೇ? ನಮ್ಮ ಪಕ್ಕದ ಮನೆಯವಳು ಜಲಪಾತದ ಮುಂದೆ ನಿಂತಿರೋ ಫೋಟೊ ತೋರಿಸ್ತಾಳೆ, ಬೀದಿ ಕೊನೆಗೂ ಹೋದವಳಲ್ಲ. ಹೇಗೂ ಬರ್ತಿದೀಯಲ್ಲ, ಆಟಾನೇ ತಗೊಂಡು ಬಾ. ಕಣ್ಣಲ್ಲಿ ನೋಡಿದ್ರೆ ಸಹಿ ಹಾಕ್ತೀನಿ."

ಅಕ್ಕನ ಮಂಡಿಗೆ ಆಪರೇಷನ್ ಇತ್ತು, ಆರು ವಾರ ಒತ್ತಾಸೆಗೆ ನಾನು ಹೋಗುವುದೆಂದು ಮೊದಲೇ ನಿಶ್ಚಯವಾಗಿತ್ತು. ಮನೆಯವರ ಲೆಕ್ಕದಲ್ಲಿ ನಾನು ಹೊರಟಿದ್ದು ಮಂಡಿಗಾಗಿ. ನನ್ನ ಲೆಕ್ಕದಲ್ಲಿ ಮಂಡಿ ಎರಡನೆಯದು. ನನಗೆ ಬೇಕಿದ್ದುದು ಆ ಸಹಿ. ನಲವತ್ತು ಜನರೆದುರು ಆಡಿದ ಮಾತನ್ನು ಅವಳ ಕೈಯಿಂದಲೇ ಹಿಂದಕ್ಕೆ ಪಡೆಯಬೇಕಿತ್ತು.

ಇಷ್ಟೆಲ್ಲ ಗೊತ್ತಿಲ್ಲದ ತಮ್ಮ ನನ್ನನ್ನು ಒಂದು ದೊಡ್ಡ ಅಂಗಡಿಗೆ ಎಳೆದುಕೊಂಡು ಹೋದ. ಸೊಸೆಯೂ ಜೊತೆಗೆ. ಗಾಜಿನ ಮೇಜುಗಳ ಮೇಲೆ ಟ್ಯಾಬ್ಲೆಟ್‌ಗಳನ್ನು ದಾರದಲ್ಲಿ ಕಟ್ಟಿಹಾಕಿದ್ದರು. ಅಂಗಡಿಯವನ ಮಾತೆಲ್ಲ ತಮ್ಮನ ಜೊತೆ.

"ಆಂಟಿಗೆ ದೊಡ್ಡ ಅಕ್ಷರದ್ದು ಕೊಡೋಣ ಸಾರ್. ಸಿನಿಮಾ, ಹಾಡು, ಎಲ್ಲ ನೀವೇ ತುಂಬಿಸಿಕೊಟ್ರೆ ಅವರು ಬರೀ ಮುಟ್ಟಿದ್ರಾಯ್ತು."

ಆಂಟಿ ಅಲ್ಲೇ ಅವನ ಮೂಗಿನ ಕೆಳಗೆ ನಿಂತಿದ್ದಳು. ನಾನು ಟ್ಯಾಬ್ಲೆಟ್ಟನ್ನು ಕೈಗೆತ್ತಿಕೊಂಡೆ.

"ಇದು ಸೊಂಟದ ಎತ್ತರದಿಂದ ಬಿದ್ರೆ ಏನಾಗುತ್ತೆ?"

"ಯಾಕೆ ಬೀಳಿಸ್ತೀರ ಆಂಟಿ?"

"ನಾನು ಬೀಳಿಸಲ್ಲ, ಬೀಳುತ್ತೆ. ಒಂದು ಮೂಲೆ, ಮೂರು ಅಂಚು, ಆರು ಮುಖ. ಒಟ್ಟು ಹತ್ತು ಸಲ. ಆಮೇಲೂ ನಡೆದ್ರೆ ಮುಂದಿನ ಮಾತು."

ಕಾರ್ಖಾನೆಯಲ್ಲಿ ಪ್ರತಿ ಹೊಸ ಪೆಟ್ಟಿಗೆಯನ್ನೂ ನಾವು ಹಾಗೇ ಬೀಳಿಸಿ ನೋಡುತ್ತಿದ್ದೆವು. ಅದರಲ್ಲಿ ಪಾಸಾಗದ ಪೆಟ್ಟಿಗೆಗೆ ಗಡಿಯಾರ ಹಾಕುವಂತಿರಲಿಲ್ಲ. ಅಂಗಡಿಯವನು ಟ್ಯಾಬ್ಲೆಟ್ಟನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡ. ತಮ್ಮ ಹಲ್ಲು ಕಚ್ಚಿಕೊಂಡು, "ಮರ್ಯಾದೆ ತೆಗೀಬೇಡ ಅಕ್ಕ" ಅಂದ. ಸೊಸೆ ಮಾತ್ರ ಬೇರೆ ಕಡೆ ತಿರುಗಿ ನಗುತ್ತಿದ್ದಳು.

ಆಮೇಲೆ ಅಂಗಡಿಯವನು ಒಂದೊಂದೇ ತೋರಿಸಿದ. ಪುಸ್ತಕ ಓದುವ ಯಂತ್ರ ಚೆನ್ನಾಗಿಯೇ ಇತ್ತು, ಒಮ್ಮೆ ಚಾರ್ಜ್ ಮಾಡಿದರೆ ಎರಡು ವಾರವಂತೆ. ಹೆಡ್‌ಫೋನ್ ಹಾಕಿಕೊಂಡರೆ ಅಂಗಡಿಯ ಸದ್ದೆಲ್ಲ ಸತ್ತುಹೋಯಿತು, ತಮ್ಮನ ಬಾಯಿ ಮಾತ್ರ ಅಲ್ಲಾಡುತ್ತಿತ್ತು. ಅದೊಂದನ್ನು ಕೊಳ್ಳುವ ಮನಸ್ಸಾಯಿತು, ಸುಳ್ಳು ಹೇಳುವುದಿಲ್ಲ. ಕೊನೆಗೆ ಬಣ್ಣದ ಆಟದ ಯಂತ್ರವೊಂದು ಕಂಡಿತು. ಇದರಲ್ಲಿ ಇಟ್ಟಿಗೆ ಬೀಳುತ್ತಾ ಅಂತ ಕೇಳಿದೆ. ಬೀಳುತ್ತಿತ್ತು. ಆದರೆ ಇಟ್ಟಿಗೆ ಬೀಳುವುದಕ್ಕೆ ಮೊದಲೇ ಅದು ಕೂರಬೇಕಾದ ಜಾಗದಲ್ಲಿ ಒಂದು ನೆರಳು ಮೂಡುತ್ತಿತ್ತು.

"ಎಲ್ಲಿ ಕೂರುತ್ತೆ ಅಂತ ಅದೇ ತೋರಿಸಿಬಿಟ್ರೆ ನನಗೇನಪ್ಪ ಕೆಲಸ?"

"ಸುಲಭ ಆಗ್ಲಿ ಅಂತ ಆಂಟಿ."

"ಸುಲಭ ಆಗ್ಲಿ ಅಂತ ನಾನು ಕೇಳಿದ್ನಾ?"

ನಾನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ತಮ್ಮನೂ ನನ್ನ ತಮ್ಮನೇ ತಾನೆ, ಟ್ಯಾಬ್ಲೆಟ್ ಕೊಂಡೇಬಿಟ್ಟ.

ಹೊರಡುವ ದಿನ ಬೆಳಿಗ್ಗೆ ಚೀಲ ತುಂಬುತ್ತಿದ್ದಾಗ ಬಾಗಿಲಲ್ಲಿ ನಿಂತು ಮತ್ತೆ ಶುರುಮಾಡಿದ.

"ಕೈಚೀಲದಲ್ಲಿ ಆ ಆಟಿಕೆ ಬೇಡ ಅಂದ್ನಲ್ಲ. ಅದು ಕುಯ್ ಕುಯ್ ಅಂತ ಕೂಗ್ತಾ ಇದ್ರೆ ವಿಮಾನದಲ್ಲಿ ಜನ ನಗ್ತಾರೆ. ಐವತ್ತೇಳು ವರ್ಷ ನಿನಗೆ."

"ಐವತ್ತೇಳಾದವರಿಗೆ ಹೆಬ್ಬೆರಳು ಬಿದ್ದುಹೋಗುತ್ತಾ?"

"ಮೂರು ಕಾಸಿನ ಡಬ್ಬಿಗೆ ಇಷ್ಟು ಹಠಾನಾ?"

"ನಿನಗೆ ಮೂರು ಕಾಸಿನದು. ಅದರೊಳಗೆ ಏನಿದೆ ಅಂತ ನಿನಗೇನು ಗೊತ್ತು?"

ಹೀಗೆ ಬಾಯಿ ಅವನ ಜೊತೆ, ಕೈ ಚೀಲದ ಜೊತೆ. ಅರ್ಧ ಗಂಟೆ ಜಗಳವಾಡಿದೆವು. ಅಷ್ಟರಲ್ಲಿ ಎರಡು ಚೀಲವೂ ಸಂದು ಬಿಡದಂತೆ ತುಂಬಿ, ಜಿಪ್ ಎಳೆದು, ಪಟ್ಟಿ ಬಿಗಿದಾಗಿತ್ತು. ಇಟ್ಟಿಗೆ ಆಟವನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಕೈಚೀಲದ ನಟ್ಟನಡುವೆ ಇಟ್ಟಿದ್ದೆ. ಟ್ಯಾಬ್ಲೆಟ್ಟನ್ನು ಸೊಸೆಯ ದಿಂಬಿನ ಕೆಳಗೆ ತೂರಿಸಿ, ನೀನೇ ಇಟ್ಟುಕೋ, ನಿಮ್ಮಪ್ಪನಿಗೆ ನಾಳೆ ಹೇಳು ಅಂದೆ. ಅವಳು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಗೆದ್ದೆ ಅಂದುಕೊಂಡು ಮನೆಬಿಟ್ಟೆ.

ವಿಮಾನ ಮೇಲೇರಿತು. ಹೊತ್ತು ಮುಳುಗದ ದಾರಿಯಂತೆ, ಸೂರ್ಯನ ಜೊತೆಯಲ್ಲೇ ಹೋಗುವುದಂತೆ. ಕಿಟಕಿ ಪಕ್ಕ ಒಬ್ಬರು ಹಿರಿಯರು, ಬಸ್ ಓಡಿಸಿ ನಿವೃತ್ತರಾದವರು, ತಾವಾಗಿಯೇ ಹೇಳಿಕೊಂಡರು. ಪೈಲಟ್ ತಿರುಗಿಸಿದಾಗಲೆಲ್ಲ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾನು ಬಟ್ಟೆ ಬಿಚ್ಚಿ ಆಟ ತೆಗೆದೆ. ಗುಂಡಿ ಒತ್ತಿದೆ. ಪರದೆ ಸುಮ್ಮನಿತ್ತು. ಇನ್ನೊಮ್ಮೆ ಒತ್ತಿದೆ. ಡಬ್ಬಿ ಯಾಕೋ ಹಗುರವಿದೆ ಅನಿಸಿತು. ತಿರುಗಿಸಿ ಮುಚ್ಚಳ ತೆಗೆದರೆ ಸೆಲ್ಲುಗಳಿರಲಿಲ್ಲ.

ಚೀಲದ ಪಕ್ಕದ ಜೇಬಿಗೆ ಕೈ ಹಾಕಿದೆ. ಹುಡುಕಬೇಕಾಗಿರಲಿಲ್ಲ, ಎಲ್ಲಿರುತ್ತದೆ ಅಂತ ಕೈಗೆ ಗೊತ್ತಿತ್ತು. ಒಂದು ಕಾಗದದ ಪೊಟ್ಟಣ. ಒಳಗೆ ಮೂರು ಸೆಲ್ಲು, ಎರಡೂ ತುದಿಗೆ ಟೇಪು, ಟೇಪಿನ ಅಂಚು ನೇರವಾಗಿ ಕತ್ತರಿಸಿದ್ದು. ಮೂವತ್ತೊಂದು ವರ್ಷ ಗಂಟೆಗೆ ನಲವತ್ತು ಗಡಿಯಾರದಂತೆ ನಾನು ಮಾಡಿದ್ದು ಇದನ್ನೇ. ಸೆಲ್ಲು ತೆಗಿ, ತುದಿಗೆ ಟೇಪು ಹಾಕು, ಪೊಟ್ಟಣ ಬೇರೆ ಇಡು, ಆಮೇಲೆ ಪೆಟ್ಟಿಗೆ ಮುಚ್ಚು. ಬಾಯಿ ತಮ್ಮನ ಜೊತೆ ಜಗಳಕ್ಕೆ ಹೋಗಿದ್ದಾಗ ಕೈ ತನ್ನ ಪಾಡಿಗೆ ಕೆಲಸ ಮುಗಿಸಿತ್ತು. ಎಂಬತ್ತೊಂಬತ್ತು ಸಾವಿರದ ಇನ್ನೂರು ಹೋಗಿತ್ತು. ನಾನೇ ತೆಗೆದು, ನಾನೇ ಟೇಪು ಸುತ್ತಿ, ನಾನೇ ಕೊಂದಿದ್ದೆ.

"ಅಳ್ತಿದೀರಾ ಅಮ್ಮ?" ಬಸ್ ಡ್ರೈವರ್ ಕೇಳಿದರು.

"ಇಲ್ಲ. ಬೈತಿದೀನಿ."

"ಯಾರಿಗೆ?"

"ಈ ಎರಡು ಕೈಗಳಿಗೆ."

ಅವರು ನನ್ನ ಕೈಗಳನ್ನೊಮ್ಮೆ ನೋಡಿ, ಎದುರಿನ ಪರದೆಯಲ್ಲಿ ಒಳ್ಳೆಯ ಸಿನಿಮಾ ಇದೆ, ಹಾಕಿಕೊಡಲೇ ಅಂದರು. ಬೇಡ ಅಂದೆ. ಅಕ್ಕ ಏನು ಹೇಳುತ್ತಾಳೆಂದು ನನಗೆ ಅಕ್ಷರ ಅಕ್ಷರ ಗೊತ್ತಿತ್ತು. ಕೊನೇ ಗಳಿಗೇಲಿ ಕೆಡಿಸಿಕೊಂಡೆ ಅಲ್ವೇನೇ ಗಡಿಬಿಡಿ, ಅನ್ನುತ್ತಾಳೆ. ಅದು ನೆನಪಾದದ್ದೇ ತಡ, ದುಃಖ ಹೋಗಿ ಸಿಟ್ಟು ಬಂತು. ಒಂದು ಸಲ ಹೊಡೆದವಳು ಇನ್ನೊಂದು ಸಲ ಹೊಡೆಯಲಾರೆನೇ? ಹದಿಮೂರೂವರೆ ಗಂಟೆ ಇದೆ, ಅಡುಗೆ ಇಲ್ಲ, ಪಾತ್ರೆ ಇಲ್ಲ, ಬಾಗಿಲಲ್ಲಿ ತಮ್ಮ ಇಲ್ಲ. ಸೆಲ್ಲಿನ ಟೇಪು ಬಿಡಿಸಿ ಒಳಗೆ ಹಾಕಿದೆ. ಬಿಡಿಸಿದ ಟೇಪನ್ನು ಆಟದ ಸದ್ದು ಬರುವ ತೂತುಗಳ ಮೇಲೆ ಅಂಟಿಸಿದೆ. ಯಾರು ನಗುತ್ತಾರೋ ನಗಲಿ ಅಂತ ಶುರುಮಾಡಿದೆ.

ಆಡಿದೆ. ಊಟ ಬಂದಾಗ ಎಡಗೈಯಲ್ಲಿ ತಟ್ಟೆ ಸರಿಸಿ ಆಡಿದೆ. ಬಸ್ ಡ್ರೈವರ್ ಮೂರು ಸಿನಿಮಾ ನೋಡಿ, ಎರಡು ನಿದ್ದೆ ಮಾಡಿ ಎದ್ದರು. ಹದಿಮೂರನೇ ಗಂಟೆಗೆ ನಲವತ್ತಮೂರು ಆಟ ಆಗಿತ್ತು. ಎಲ್ಲಕ್ಕಿಂತ ಮೇಲೆ ಹೋದದ್ದು ಎಪ್ಪತ್ತನಾಲ್ಕು ಸಾವಿರ. ಪ್ರತಿ ಸಲವೂ ಅದೇ ಕಥೆ. ಎಪ್ಪತ್ತು ದಾಟುತ್ತಿದ್ದಂತೆ ಇಟ್ಟಿಗೆಗಳು ಸುರಿಯತೊಡಗುತ್ತವೆ, ಹೆಬ್ಬೆರಳು ನಡುಗತೊಡಗುತ್ತದೆ, ನಡುಕ ನಿಲ್ಲಿಸಲು ಉಸಿರು ಬಿಗಿಹಿಡಿಯುತ್ತೇನೆ, ಆ ಬಿಗಿಯಲ್ಲೇ ಒಂದು ಸೊಟ್ಟ ಇಟ್ಟಿಗೆ ಅಡ್ಡ ಕೂತುಬಿಡುತ್ತದೆ.

ಕೈ ತೊಡೆಯ ಮೇಲೆ ಇಟ್ಟುಕೊಂಡು ನೋಡಿದೆ. ನಡುಗುತ್ತಿತ್ತು. ಅಕ್ಕ ಹೇಳಿದ್ದು ನಿಜವೇ ಇರಬಹುದು, ಆ ಭಾನುವಾರದ್ದು ಬರೀ ಅದೃಷ್ಟ ಇರಬಹುದು ಅನಿಸಿತು. ಹನ್ನೆರಡು ವರ್ಷದಲ್ಲಿ ಹಾಗೆ ಅನಿಸಿದ್ದು ಅದೇ ಮೊದಲು. ಭಯವಾಯಿತು.

ಆಗ ಕಾರ್ಖಾನೆಯ ಸಂಜೆಗಳು ಕಣ್ಣ ಮುಂದೆ ಬಂದವು. ಲಾರಿಯವನು ಹಾರ್ನ್ ಹೊಡೆಯುತ್ತಾನೆ, ಕೊನೆಯ ಐದು ನಿಮಿಷ, ನನ್ನ ಮೇಜಿನ ಮೇಲೆ ಇನ್ನೂ ಎಂಟು ಪೆಟ್ಟಿಗೆ. ಹೌದು, ಕೈ ನಡುಗುತ್ತಿತ್ತು. ಪ್ರತಿ ಸಂಜೆಯೂ ನಡುಗುತ್ತಿತ್ತು. ಆದರೆ ನನ್ನ ಪೆಟ್ಟಿಗೆ ಬಿಟ್ಟು ಲಾರಿ ಹೊರಟಿದ್ದು ಯಾವತ್ತು? ಯಾವತ್ತೂ ಇಲ್ಲ. ನಾನು ತುಂಬಿದ್ದರಲ್ಲಿ ಗಾಜು ಒಡೆದು ವಾಪಸ್ ಬಂದ ಗಡಿಯಾರ ಎಷ್ಟು? ಮೂವತ್ತೊಂದು ವರ್ಷದಲ್ಲಿ ಒಂದೂ ಇಲ್ಲ. ಅಕ್ಕ ನನ್ನ ಕೈ ನೋಡಿದ್ದಳು, ಪೆಟ್ಟಿಗೆ ನೋಡಿರಲಿಲ್ಲ. ಅವಳು ಹಾಗಿರಲಿ, ನಾನೂ ನೋಡಿರಲಿಲ್ಲ. ಹನ್ನೆರಡು ವರ್ಷ ನಾನು ಅಭ್ಯಾಸ ಮಾಡಿದ್ದು ನಡುಕ ನಿಲ್ಲಿಸುವುದನ್ನು. ಅದು ನಿಲ್ಲಬೇಕು ಅಂತ ಯಾರಪ್ಪ ಹೇಳಿದ್ದು? ನಡುಗುತ್ತೆ, ನಡುಗಲಿ.

ಮುಖ ತೊಳೆದುಕೊಂಡು ಬಂದು ಮತ್ತೆ ಹಿಡಿದೆ. ನಲವತ್ತನಾಲ್ಕನೆಯದು ಬೇಗ ಕೆಟ್ಟಿತು, ನಲವತ್ತೈದನೆಯದೂ ಕೆಟ್ಟಿತು. ನಲವತ್ತಾರನೆಯದು ಹಿಡಿತಕ್ಕೆ ಬಂತು. ಎಪ್ಪತ್ತು ದಾಟಿತು. ಹೆಬ್ಬೆರಳು ನಡುಗಿತು, ನಾನು ಉಸಿರು ಬಿಗಿಹಿಡಿಯಲಿಲ್ಲ. ಎಪ್ಪತ್ತೈದು. ಎಂಬತ್ತು. ಬಸ್ ಡ್ರೈವರ್ ತಮ್ಮ ಸಿನಿಮಾ ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದರು, ಅವರ ಬಲಗಾಲು ಬ್ರೇಕ್ ಒತ್ತುತ್ತಲೇ ಇತ್ತು. ಎಂಬತ್ತೊಂದು ಸಾವಿರದ ಮುನ್ನೂರಕ್ಕೆ ಬಂದಾಗ ಗಗನಸಖಿ ಬಂದು ನಿಂತಳು.

"ಇಳೀತಾ ಇದೀವಿ ಮೇಡಂ. ಎಲ್ಲ ಉಪಕರಣ ಬಂದ್ ಮಾಡಬೇಕು."

"ಇದು ಉಪಕರಣ ಅಲ್ಲಮ್ಮ, ಆಟಿಕೆ. ಬೇಕಾದ್ರೆ ನನ್ನ ತಮ್ಮನ್ನ ಕೇಳು."

"ಬಂದ್ ಮಾಡ್ಲೇಬೇಕು ಮೇಡಂ."

"ತಡೆದು ನಿಲ್ಲಿಸ್ತೀನಿ. ಬಂದ್ ಮಾಡಲ್ಲ. ಬಂದ್ ಮಾಡಿಸಬೇಕು ಅಂದ್ರೆ ನನ್ನನ್ನ ಇಲ್ಲೇ ಇಳಿಸು."

ಡ್ರೈವರ್ ಕೆಮ್ಮಿದರು. ಅವಳು ಡಬ್ಬಿಯನ್ನು ನೋಡಿದಳು, ನನ್ನ ಮುಖ ನೋಡಿದಳು, ನಾನು ಗುಂಡಿ ಒತ್ತಿ ಆಟ ತಡೆದದ್ದನ್ನು ಕಣ್ಣಾರೆ ನೋಡಿ ಮುಂದಕ್ಕೆ ಹೋದಳು. ಅಂಕವನ್ನು ಪರದೆಯಲ್ಲೇ ನಿಲ್ಲಿಸಿಕೊಂಡು ನೆಲಕ್ಕಿಳಿದೆ. ಪಾಸ್‌ಪೋರ್ಟ್ ನೋಡುವ ಕೌಂಟರಿನಲ್ಲಿ ಬಲಗೈ ಬೆರಳು ಒತ್ತಿ ಅಂದರು, ಆಟವನ್ನು ಎಡಗೈಗೆ ಕೊಟ್ಟೆ. ಎಡಗೈ ಅಂದರು, ಬಲಗೈಗೆ ಕೊಟ್ಟೆ. ಎರಡೂ ಹೆಬ್ಬೆರಳು ಒಟ್ಟಿಗೆ ಅಂದಾಗ ಗಲ್ಲದ ಕೆಳಗೆ ಸಿಕ್ಕಿಸಿಕೊಂಡೆ. ಸಮವಸ್ತ್ರದವನು ಏನೂ ಕೇಳದೆ ಮುದ್ರೆ ಒತ್ತಿದ.

ಹೊರಗೆ ಕಂಬಿಯ ಆಚೆ ಅಕ್ಕ ಕೋಲೂರಿ ನಿಂತಿದ್ದಳು. ನೋಡಿ ನಾಲ್ಕು ವರ್ಷವಾಗಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಭುಜ ಇಳಿದಿತ್ತು. ನಾನು ತಬ್ಬಿಕೊಳ್ಳಲು ಕೈ ಚಾಚಿದೆ. ಅವಳು ಕೈ ಚಾಚಿದ್ದು ಆಟಕ್ಕೆ.

"ತಂದಿದೀಯಾ?"

"ತಂದಿದೀನಿ. ಅಂಕ ಇಲ್ಲ. ಪ್ಯಾಕ್ ಮಾಡುವಾಗ ಸೆಲ್ಲು ತೆಗೆದುಬಿಟ್ಟೆ."

ಅಕ್ಕ ಕೋಲು ಅಲ್ಲಾಡುವಷ್ಟು ನಕ್ಕಳು. "ಟೇಪು ಹಾಕಿದ್ಯಾ?"

"ಎರಡೂ ತುದಿಗೆ."

"ಹೇಳ್ಲಿಲ್ವಾ ನಾನು, ಕೊನೇ ಗಳಿಗೇಲಿ..."

"ಮುಗಿಸಬೇಡ ಅಕ್ಕ." ಆಟವನ್ನು ಅವಳ ಕಣ್ಣ ಮುಂದೆ ಹಿಡಿದೆ. "ಎಂಬತ್ತೊಂದು ಸಾವಿರದ ಮುನ್ನೂರು. ಆಟ ಇನ್ನೂ ಮುಗಿದಿಲ್ಲ, ತಡೆದಿಟ್ಟಿದೀನಿ. ಸಾಕ್ಷಿ ಬೇಕು ಅಂದ್ಯಲ್ಲ, ನಿಂತು ನೋಡು."

"ಇಲ್ಲೇನಾ? ಮನೆಗೆ ಹೋಗೋಣ ನಡಿ, ಕಾಲು ನೋಯ್ತಿದೆ."

"ಟ್ರಾಲಿ ಮೇಲೆ ಕೂತ್ಕೋ."

ಅಕ್ಕ ಟ್ರಾಲಿಯಲ್ಲಿದ್ದ ನನ್ನ ಚೀಲದ ಮೇಲೆ ಕೂತಳು. ನಾನು ಕಂಬಿಗೆ ಬೆನ್ನು ಕೊಟ್ಟು ಗುಂಡಿ ಒತ್ತಿದೆ. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದರು. ಇಟ್ಟಿಗೆಗಳು ಸುರಿದವು. ಮೊದಲ ಸಾಲಿಗೇ ಕೈ ನಡುಗಿತು, ಹೆಬ್ಬೆರಳಿಂದ ಮೊಣಕೈವರೆಗೆ ನಡುಗಿತು. ಎಂಬತ್ಮೂರು. ಎಂಬತ್ತೈದು. ಅಕ್ಕ ಮುಂದಕ್ಕೆ ಬಾಗಿದಳು.

"ಎಡಕ್ಕೆ, ಎಡಕ್ಕೆ! ತಿರುಗಿಸೇ ಅದನ್ನ!"

"ಬಾಯಿ ಮುಚ್ಚಕ್ಕ. ಇದು ನನ್ನ ಆಟ."

ಅವಳು ಬಾಯಿ ಮುಚ್ಚಿದಳು. ನನ್ನ ಜನ್ಮದಲ್ಲಿ ನಾನು ಹೇಳಿದ್ದಕ್ಕೆ ಅಕ್ಕ ಬಾಯಿ ಮುಚ್ಚಿದ್ದು ಅದೇ ಮೊದಲು. ಪೇರಿದ್ದು ಮೇಲಿನ ಅಂಚಿಗೆ ಎರಡೇ ಸಾಲು ಇರುವಾಗ ಉದ್ದದ ಇಟ್ಟಿಗೆ ಬಂತು. ನೆಟ್ಟಗೆ ನಿಲ್ಲಿಸಿ ಸಂದಿಗೆ ಇಳಿಸಿದೆ, ನಾಲ್ಕು ಸಾಲು ಒಟ್ಟಿಗೆ ಹೋದವು. ಎಂಬತ್ತೇಳು ಸಾವಿರದ ಆರುನೂರು ಯಾವಾಗ ದಾಟಿತೋ ನಾನು ನೋಡಲಿಲ್ಲ. ಅಕ್ಕ ನೋಡಿದಳು. ಅವಳ ಕೋಲು ಟಕ್ಕೆಂದು ನೆಲ ಕುಟ್ಟಿದ್ದು ನನಗೆ ಕೇಳಿಸಿತು. ಆಮೇಲೂ ಆಡಿದೆ, ಪೇರಿದ್ದು ಮೇಲಕ್ಕೆ ಮುಟ್ಟುವ ತನಕ ಆಡಿದೆ. ತೊಂಬತ್ತು ಸಾವಿರದ ನಾನೂರು.

ಈ ಸಲ ಕುಣಿಯಲಿಲ್ಲ. ಆಟವನ್ನು ತಿರುಗಿಸಿ ಬೆನ್ನು ಮೇಲೆ ಮಾಡಿ ಅಕ್ಕನ ತೊಡೆಯ ಮೇಲಿಟ್ಟೆ. ಅವಳು ಕೈಚೀಲದಿಂದ ಮಾರ್ಕರ್ ತೆಗೆದಳು. ಕಾರ್ಖಾನೆ ಬಿಟ್ಟರೂ ಮಾರ್ಕರ್ ಬಿಟ್ಟವಳಲ್ಲ. ತನ್ನ ಅಂಕದ ಕೆಳಗೆ ನನ್ನದನ್ನು ಬರೆದಳು. ಸಹಿಗೆ ಮೊದಲು ತಲೆಯೆತ್ತಿದಳು.

"ಕೈ ನಡುಗ್ತಾನೇ ಇತ್ತು ನಿನಗೆ. ಕೊನೆವರೆಗೂ."

"ನಡುಗ್ತಿತ್ತು," ಅಂದೆ. "ಅದನ್ನೂ ಬರಿ."

ಅಕ್ಕ ಬಗ್ಗಿ, ಪೆಟ್ಟಿಗೆಯ ಮೇಲೆ ವಿಳಾಸ ಬರೆಯುವ ಅದೇ ದುಂಡಗಿನ ಅಕ್ಷರದಲ್ಲಿ, ಉಳಿದಿದ್ದ ಅಂಗುಲ ಜಾಗದಲ್ಲಿ ಬರೆದಳು: ಕೈ ನಡುಗುತ್ತಿತ್ತು, ಆದರೂ ಹೊಡೆದಳು. ಕೆಳಗೆ ಸಹಿ ಹಾಕಿದಳು.

ಎರಡು ಸಲ ಓದಿದೆ. ಮುಚ್ಚಳ ತೆಗೆದು ಮೂರೂ ಸೆಲ್ಲನ್ನು ಅಂಗೈಗೆ ಸುರಿದುಕೊಂಡೆ. ಪರದೆ ಆರಿತು. ಈಗ ಆರಿದರೆ ನನಗೇನು? ಟೇಪು ಕೊಡು ಅಂತ ಅಕ್ಕನ ಮುಂದೆ ಕೈ ಚಾಚಿದೆ.